ಅಮ್ಮನ ಹೆಸರಿನ ಡಬ್ಬಿ

ಲಾಂಡ್ರಿ ಹಿಂದಿನ ಮನೆ, ಮೇಲಿನ ಮಹಡಿ
ಭಾನುವಾರ ಮಧ್ಯಾಹ್ನ, ಮಾರ್ಚ್ ೧೪

ಪ್ರೀತಿಯ ಅಪ್ಪಾ,

ಹೇಗಿದ್ದೀರಿ? ಸೊಂಟ ನೋವು ಕಡಿಮೆಯಾಯಿತೇ? ಎಂಜಿನ್ ಕೋಣೆಯ ಸೆಕೆಯಲ್ಲಿ ಸರಿಯಾಗಿ ನೀರು ಕುಡಿಯುತ್ತಿದ್ದೀರೋ, ಚಹಾದಲ್ಲೇ ಕಾಲ ಹಾಕುತ್ತಿದ್ದೀರೋ? ಕೆಮ್ಮು ಹೇಗಿದೆ? ಉಳಿದ ಪ್ರಶ್ನೆಗಳಿಗೆ ನೀವು ಎಂದಿನಂತೆ “ಎಲ್ಲ ಚೆನ್ನಾಗಿದೆ” ಎಂದು ಬರೆದರೂ ನಡೆಯುತ್ತದೆ, ಈ ಕೊನೆಯದಕ್ಕೆ ಮಾತ್ರ ನಿಜವಾದ ಉತ್ತರ ಬೇಕು. ಯಾಕೆ ಎನ್ನುವುದನ್ನು ಹೇಳಲೆಂದೇ ಬರೆಯಲು ಕುಳಿತಿದ್ದೇನೆ. ನಾನು ಒಂದು ಕಡೆ ಇಷ್ಟು ಹೊತ್ತು ಕುಳಿತಿರುವುದನ್ನು ನೋಡಿ ಅಮ್ಮನಿಗೆ ಗಾಬರಿಯಾಗಿ ಎರಡು ಸಲ ಬಂದು ಹಣೆ ಮುಟ್ಟಿ ನೋಡಿ ಹೋದಳು. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಹಡಗಿನ ಫೋನಿನ ಹಣೆಬರಹ ನಿಮಗೇ ಗೊತ್ತು. ಹಿಂದೆ ಜನ ಸಾಲು ನಿಂತಿರುತ್ತಾರೆ, ನೀವು ಎಲ್ಲದಕ್ಕೂ “ಆಯ್ತು ಆಯ್ತು, ಅಮ್ಮನ್ನ ನೋಡ್ಕೋ” ಎಂದು ಇಟ್ಟುಬಿಡುತ್ತೀರಿ. ಕಾಗದವಾದರೆ ನಡುವೆ ಇಡಲು ಬರುವುದಿಲ್ಲ, ಕೊನೆಯವರೆಗೂ ಓದಲೇಬೇಕು.

ನನ್ನ ಸುದ್ದಿ ಮೊದಲು ಮುಗಿಸುತ್ತೇನೆ, ಅದು ಚಿಕ್ಕದು. ಬೀಗದ ಅಂಗಡಿಯ ಕೆಲಸ ಇನ್ನೂ ಬಿಟ್ಟಿಲ್ಲ. ಬೇಕರಿ ಬಿಟ್ಟಾಗ, ಪಾರ್ಸೆಲ್ ಕೆಲಸ ಬಿಟ್ಟಾಗ, ಅದಕ್ಕೂ ಮೊದಲು ಶಾಲೆ ಬಿಟ್ಟಾಗ “ಇವಳ ಕಾಲಿಗೆ ಚಕ್ರ ಕಟ್ಟಿದೆ” ಎಂದು ನೀವು ನನಗೆ ಗಾಲಿ ಎಂದು ಹೆಸರಿಟ್ಟಿರಲ್ಲ, ಆ ಗಾಲಿ ಈಗ ಸ್ವಲ್ಪ ನಿಧಾನವಾಗಿ ಉರುಳುತ್ತಿದೆ. ಕೀಲಿಕೈ ಅರೆಯುವ ಯಂತ್ರದ ಮುಂದೆ ನಿಂತೇ ಕೆಲಸ ಮಾಡಬೇಕು, ಆಗಾಗ ಬೀಗ ತೆಗೆಯಲು ಯಾರದೋ ಮನೆಗೆ ಓಡಬೇಕು, ಅದೇ ನನಗೆ ಹಿಡಿಸಿದೆ. ಯಜಮಾನರು ನನ್ನ ನಾಲಿಗೆಗೆ ಮಾತ್ರ ಹೆದರುತ್ತಾರೆ. ಮೊನ್ನೆ ಒಬ್ಬರು ಹೊಸ ಬೀಗ ಹಾಕಿಸಲು ಬಂದಾಗ, ಹಳೆಯದಕ್ಕೆ ಎಣ್ಣೆ ಬಿಟ್ಟರೆ ಸಾಕು ಎಂದುಬಿಟ್ಟೆ. “ನೀನು ನನ್ನ ಅಂಗಡಿಗೇ ಬೀಗ ಹಾಕಿಸ್ತೀಯ” ಎಂದು ಯಜಮಾನರು ಸಂಜೆಯವರೆಗೂ ಗೊಣಗಿದರು.

ಇನ್ನು ಅಮ್ಮನ ವಿಷಯ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ, ನಿಮಗೆ ಗೊತ್ತು. ಅಮ್ಮನಿಗೆ ಕ್ಷಯ. ಔಷಧಿ ಶುರುವಾಗಿದೆ, ಆರು ತಿಂಗಳು ತಪ್ಪದೆ ನುಂಗಿದರೆ ಪೂರ್ತಿ ಗುಣವಾಗುತ್ತದೆ ಎಂದು ಎದೆರೋಗದ ಡಾಕ್ಟರು ಹೇಳಿದ್ದಾರೆ. ಈಗಾಗಲೇ ಕೆಮ್ಮು ಇಳಿದಿದೆ, ಹಸಿವು ಬಂದಿದೆ, ನನ್ನನ್ನು ಬೈಯುವಷ್ಟು ಉಸಿರೂ ಬಂದಿದೆ. ಆದ್ದರಿಂದ ಇಲ್ಲಿಯವರೆಗೆ ಓದಿ ಎದೆ ಹಿಡಿದುಕೊಂಡಿದ್ದರೆ ಬಿಟ್ಟುಬಿಡಿ. ಆದರೆ ಇದು ಈಗ ಗೊತ್ತಾಗಬೇಕಾಗಿದ್ದಲ್ಲ. ನೀವು ರಜೆ ಮುಗಿಸಿ ಹಡಗಿಗೆ ಹೊರಟ ದಿನವೇ ಗೊತ್ತಾಗಬಹುದಿತ್ತು. ಯಾಕೆ ಆಗಲಿಲ್ಲ ಎಂದು ನಿಮಗೂ ಅಮ್ಮನಿಗೂ ಗೊತ್ತಿತ್ತು. ಆವತ್ತು ಬೆಳಿಗ್ಗೆ ನಾನು ಅಂಗಡಿಗೆ ಹೋಗಿಯಾಗಿತ್ತಲ್ಲ, ನನಗೆ ಗೊತ್ತಾದದ್ದು ಈಗ.

ನೀವು ಇದ್ದಾಗಲೇ ಅಮ್ಮ ಸಣ್ಣಗೆ ಕೆಮ್ಮುತ್ತಿದ್ದಳು, ತಾನು ಕೆಲಸ ಮಾಡುವ ಲಾಂಡ್ರಿಯ ಇಸ್ತ್ರಿ ವಿಭಾಗದ ಹಬೆಯಿಂದ ಎನ್ನುತ್ತಿದ್ದಳು. ಕೊನೆಗೆ ನೀವೇ ಬಲವಂತ ಮಾಡಿ ಆಸ್ಪತ್ರೆಗೆ ಕರೆದುಕೊಂಡು ಹೋದಿರಿ. ಅವರು ಮುಚ್ಚಳವಿರುವ ಒಂದು ಪುಟ್ಟ ಡಬ್ಬಿ ಕೊಟ್ಟು, ಬೆಳಿಗ್ಗೆ ಎದ್ದ ಕೂಡಲೇ ಎದೆಯಾಳದಿಂದ ಕೆಮ್ಮಿ ಕಫ ತೆಗೆದು ಅದರಲ್ಲಿ ತನ್ನಿ ಎಂದಿದ್ದರು. ಅಮ್ಮನದು ಒಣ ಕೆಮ್ಮು. ಬಂದ ಚೂರುಪಾರನ್ನೂ ಅವಳು ನುಂಗಿಬಿಡುತ್ತಾಳೆ, ಗಂಡನ ಎದುರಿಗೂ ಉಗುಳಿದವಳಲ್ಲ. ನಿಮ್ಮ ರೈಲಿಗೆ ಹೊತ್ತಾಗುತ್ತಿತ್ತು, ಡಬ್ಬಿ ಖಾಲಿಯಿತ್ತು. ಆಗ ನೀವು “ತಾ ಇಲ್ಲಿ. ಒಂದೇ ಮನೆ, ಒಂದೇ ಹಾಸಿಗೆ, ಒಂದೇ ಗಾಳಿ. ಯಾರದಾದ್ರೇನು?” ಎಂದು ಡಬ್ಬಿ ಹಿಡಿದು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಿರಂತೆ. ದಿನಾ ಬೆಳಿಗ್ಗೆ ನಿಮ್ಮ ಸಿಗರೇಟಿನ ಕಫ ಇಡೀ ಕಟ್ಟಡವನ್ನು ಎಬ್ಬಿಸುತ್ತದೆ, ನಿಮಗೇನು ಕಷ್ಟ? ಡಬ್ಬಿ ತುಂಬಿಸಿ, ಮುಚ್ಚಳ ಬಿಗಿ ಮಾಡಿ, ಅಮ್ಮನ ಹೆಸರು ಬರೆದ ಚೀಟಿಯನ್ನು ಒರೆಸಿ ಅವಳ ಕೈಗೆ ಕೊಟ್ಟು ರೈಲು ಹತ್ತಿದಿರಿ. ನೀವು ಕೊಟ್ಟದ್ದು ಪ್ರೀತಿಯಿಂದ, ಅದರಲ್ಲಿ ನನಗೆ ಅನುಮಾನವಿಲ್ಲ. ಹೂವು ಕೊಡುವವರ ಬಗ್ಗೆ ಕೇಳಿದ್ದೇನೆ, ಇಂಥದ್ದನ್ನು ಕೊಟ್ಟ ಗಂಡ ನೀವೊಬ್ಬರೇ ಇರಬೇಕು.

ಅಮ್ಮ ಆ ಡಬ್ಬಿ ಹಿಡಿದು ಆಸ್ಪತ್ರೆಗೆ ಹೋದಾಗ ಅಲ್ಲಿ ಇನ್ನೊಂದು ಸಂಗತಿ ನಡೆಯಿತು. ಕಫದ ಡಬ್ಬಿ ಕೊಡುವ ಕಿಟಕಿಯ ಪಕ್ಕದ ಕೋಣೆಗೆ “ಅಣುಮಟ್ಟದ ರಕ್ತಪರೀಕ್ಷೆ” ಎಂಬ ಹೊಸ ಬೋರ್ಡು ಹಾಕಿದ್ದರು. ಅಲ್ಲಿಯ ನರ್ಸು, ಅಮ್ಮ ಅವರಿಗೆ ಸೂಜಿ ಸಿಸ್ಟರ್ ಎಂದು ಹೆಸರಿಟ್ಟಿದ್ದಾಳೆ, ಕಫ ಕೊಡಲು ಬಂದವರನ್ನೆಲ್ಲ ಕೂರಿಸಿ ವಿಷಯ ಬಿಡಿಸಿ ಹೇಳಿ, ಒಪ್ಪಿದವರ ಬೆರಳ ತುದಿಯಿಂದ ಒಂದಿಷ್ಟು ರಕ್ತ ತೆಗೆದುಕೊಳ್ಳುತ್ತಿದ್ದರು. ಅಮ್ಮ ಒಪ್ಪಿದಳು. ಡಬ್ಬಿಯ ವಿಷಯದಲ್ಲಿ ಸುಳ್ಳು ಹೇಳಿ ಬಂದಿದ್ದೆ, ಇನ್ನೊಂದಕ್ಕೆ ಇಲ್ಲ ಅನ್ನಲು ಬಾಯಿ ಬರಲಿಲ್ಲ ಎಂದು ಈಗ ಹೇಳುತ್ತಾಳೆ. ಹೀಗೆ ಒಂದೇ ಹೆಸರಿನಲ್ಲಿ ನಿಮ್ಮ ಕಫವೂ ಅಮ್ಮನ ರಕ್ತವೂ ಅಕ್ಕಪಕ್ಕದ ಎರಡು ಯಂತ್ರಗಳಿಗೆ ಹೋದವು.

ಈ ರಕ್ತಪರೀಕ್ಷೆ ಏನು ಎಂದು ಶಾಲೆ ಬಿಟ್ಟವಳಿಗೆ ತಿಳಿದಷ್ಟು ಬರೆಯುತ್ತೇನೆ. ಕಫದ ಪರೀಕ್ಷೆ ಕ್ಷಯದ ರೋಗಾಣುವನ್ನೇ ಹುಡುಕುತ್ತದೆ. ರಕ್ತದ್ದು ಹಾಗಲ್ಲ. ರೋಗಾಣು ಶ್ವಾಸಕೋಶದ ಮೂಲೆಯಲ್ಲಿ ಎಲ್ಲೋ ಅವಿತಿರುತ್ತದೆ, ರಕ್ತದಲ್ಲಿ ಸಿಗುವುದು ಅಪರೂಪ. ಆದರೆ ಅದರ ಜೊತೆ ಕಾದಾಡುವ ಬಿಳಿ ರಕ್ತಕಣಗಳು ಮೈಯೆಲ್ಲ ಓಡಾಡುತ್ತವೆ. ಕಾದಾಟಕ್ಕೆ ಇಳಿದಾಗ ಅವುಗಳೊಳಗಿನ ಕೆಲವು ಜೀನ್‌ಗಳು ಜೋರಾಗಿ ಕೆಲಸ ಶುರುಮಾಡುತ್ತವೆ, ಕೆಲವು ತಣ್ಣಗಾಗುತ್ತವೆ. ಯಂತ್ರ ಅದನ್ನು ಅಳೆಯುತ್ತದೆ. ಪಕ್ಕದ ಮನೆಯ ಗಂಡ ಹೆಂಡಿರ ಜಗಳ ನಮಗೆ ಕಾಣುವುದಿಲ್ಲ, ಪಾತ್ರೆ ಬಿದ್ದ ಸದ್ದು ಕೇಳುತ್ತದೆಯಲ್ಲ, ಹಾಗೆ. ನಾನು ಹೀಗೆ ಹೇಳಿದ್ದಕ್ಕೆ ಸೂಜಿ ಸಿಸ್ಟರ್ ನಕ್ಕು, “ಸರಿಯಾಗಿದೆ. ಆದ್ರೆ ಬೆಕ್ಕು ಹಾರಿದ್ರೂ ಪಾತ್ರೆ ಬೀಳತ್ತೆ, ಅದನ್ನೂ ನೆನಪಿಟ್ಕೋ” ಎಂದರು. ಬೇರೆ ಕಾಯಿಲೆಯಿಂದಲೂ ಕೆಲವೊಮ್ಮೆ ಅದೇ ಸದ್ದು ಬರುತ್ತದಂತೆ. ಅದಕ್ಕೇ ಇದನ್ನು ಇನ್ನೂ ಪರೀಕ್ಷೆಗೆ ಒಡ್ಡುತ್ತಿದ್ದಾರೆ. ರಕ್ತ ಹೇಳಿದ್ದನ್ನು ಕಫ ಹೇಳಿದ್ದರ ಜೊತೆ ಹೋಲಿಸಿ ನೋಡುತ್ತಾರೆ. ಎರಡೂ ಬೇರೆ ಬೇರೆ ಹೇಳಿದರೆ ಅವರ ಮಟ್ಟಿಗೆ ಕಫ ಹೇಳಿದ್ದೇ ಸತ್ಯ.

ಅಮ್ಮನ ಹೆಸರಿನಲ್ಲಿ ಕಫ ಏನೂ ಇಲ್ಲ ಎಂದಿತು. ರಕ್ತ ಇದೆ ಎಂದಿತು. ಡಾಕ್ಟರು ಕಫವನ್ನು ನಂಬಿ ಕೆಮ್ಮಿನ ಔಷಧಿ ಕೊಟ್ಟು ಕಳಿಸಿದರು. ನೀವು ಆಗ ಬಂದರಿನಿಂದ ಫೋನ್ ಮಾಡಿದಾಗ “ಏನೂ ಇಲ್ವಂತೆ” ಎಂದು ಅಮ್ಮ ಹೇಳಿದ್ದು ಇದನ್ನೇ. ಚಳಿ ಮುಗಿಯುವ ಹೊತ್ತಿಗೆ ಅವಳ ಕೈಗಡಿಯಾರ ಮೊಣಕೈವರೆಗೆ ಜಾರುತ್ತಿತ್ತು. ಬೆಳಿಗ್ಗೆ ಏಳುವಾಗ ದಿಂಬು ಬೆವರಿನಿಂದ ಒದ್ದೆ. ಲಾಂಡ್ರಿಯ ಮೇಲ್ವಿಚಾರಕಿ ಅವಳನ್ನು ದೊಡ್ಡ ಇಸ್ತ್ರಿಯಿಂದ ತೆಗೆದು ಕರವಸ್ತ್ರ ಮಡಿಸಲು ಕೂರಿಸಿದರು. ಅಮ್ಮನಿಗೆ ಅದೇ ದೊಡ್ಡ ಅವಮಾನ. ಅಷ್ಟರಲ್ಲಿ ಸೂಜಿ ಸಿಸ್ಟರ್ ಫೋನ್ ಬಂತು. ರಕ್ತವೂ ಕಫವೂ ಹೊಂದದವರನ್ನು ಕಡತ ಮುಚ್ಚುವ ಮೊದಲು ಇನ್ನೊಮ್ಮೆ ನೋಡುತ್ತೇವೆ, ಬನ್ನಿ ಎಂದರು. ಅಮ್ಮ ಹೋಗುವುದಿಲ್ಲ ಎಂದು ಕುಳಿತಳು. ನಾನು ಅಂಗಡಿಗೆ ರಜೆ ಹಾಕಿ ಎಳೆದುಕೊಂಡು ಹೋದೆ.

ಅಲ್ಲಿ ಮತ್ತೆ ಡಬ್ಬಿ ಕೊಟ್ಟರು. ಅಮ್ಮ ಎಷ್ಟು ಕೆಮ್ಮಿದರೂ ಬರೀ ಎಂಜಲು. ಸೂಜಿ ಸಿಸ್ಟರ್ ಪರದೆ ಸರಿಸಿ, “ಏನಮ್ಮಾ ಇದು? ಹೋದ ಸಲ ಡಬ್ಬಿ ತುಂಬ ತಂದಿದ್ರಿ, ಅಷ್ಟು ಚೆನ್ನಾಗಿರೋ ಕಫ ಯಾರೂ ಕೊಟ್ಟಿರ್ಲಿಲ್ಲ. ಸಿಗರೇಟು ಸೇದೋರದ್ದರ ಹಾಗೆ ಕಪ್ಪು ಕಪ್ಪಾಗಿತ್ತು. ಸೇದ್ತೀರಾ?” ಎಂದು ಕೇಳಿದರು. ಅಮ್ಮ ಛಾವಣಿಯ ಫ್ಯಾನನ್ನು ನೋಡುತ್ತಾ “ಲಾಂಡ್ರಿ ಹೊಗೆ” ಎಂದಳು. “ಲಾಂಡ್ರೀಲಿ ಹಬೆ ತಾನೇ ಅಮ್ಮಾ, ಹೊಗೆ ಎಲ್ಲಿಂದ ಬರತ್ತೆ?” ಎಂದೆ ನಾನು, ಏನೂ ಗೊತ್ತಿಲ್ಲದೆ. ಬೆಂಚಿನ ಕೆಳಗೆ ನನ್ನ ಪಾದದ ಮೇಲೆ ಅವಳ ಚಪ್ಪಲಿ ಬಿತ್ತು. ಆಗ ನನಗೆ ಬೆಳಿಗ್ಗೆ ಬೆಳಿಗ್ಗೆ ಬಚ್ಚಲಿನಿಂದ ಬರುವ ನಿಮ್ಮ ಸಂಗೀತ ನೆನಪಾಯಿತು ಅಪ್ಪಾ. ಅಮ್ಮನನ್ನು ಹೊರಗೆ ನಲ್ಲಿಯ ಹತ್ತಿರ ಕರೆದುಕೊಂಡು ಹೋಗಿ ನಿಲ್ಲಿಸಿ ಕೇಳಿದೆ. ಎಲ್ಲ ಹೇಳಿದಳು, ನಡುವೆ ಒಮ್ಮೆ ನಕ್ಕೂ ನಕ್ಕಳು. ಆಮೇಲೆ ನನ್ನ ಕೈ ಹಿಡಿದುಕೊಂಡು, “ಒಳಗೆ ಹೋಗಿ ಬಾಯಿ ಬಿಡ್ಬೇಡ ಕಣೇ. ಆಸ್ಪತ್ರೆಯೆಲ್ಲ ನಿಮ್ಮಪ್ಪನ್ನ ನೋಡಿ ನಗತ್ತೆ. ಆ ರಕ್ತದ ಯಂತ್ರ ಹೊಸದು, ತಪ್ಪು ಹೇಳಿರತ್ತೆ. ಅವರೇ ಹಾಗಂತ ಬರ್ಕೊಳ್ತಾರೆ, ಮುಗೀತು” ಎಂದಳು. ಅವಳಿಗೆ ಕ್ಷಯ ಎಂದರೆ ಲಾಂಡ್ರಿಯಿಂದ ತೆಗೆಯುತ್ತಾರೆ ಎಂಬ ಹೆದರಿಕೆ. ಅದಕ್ಕಿಂತ ದೊಡ್ಡ ಹೆದರಿಕೆ, ವಿಷಯ ತಿಳಿದರೆ ಸಮುದ್ರದ ನಡುವೆ ನೀವೊಬ್ಬರೇ ಕುಳಿತು ನಿಮ್ಮನ್ನೇ ಬೈದುಕೊಳ್ಳುತ್ತೀರಿ ಎನ್ನುವುದು.

“ಯಂತ್ರ ತಪ್ಪಿದ್ರೆ ತಪ್ಪು ಅಂತ ಬರೀಲಿ. ನಮ್ಮ ತಪ್ಪನ್ನ ಅದರ ತಲೆಗೆ ಕಟ್ಟೋದು ಬೇಡ” ಎಂದು ಒಳಗೆ ಹೋದೆ. ಡಾಕ್ಟರೂ ಅಲ್ಲೇ ಇದ್ದರು. ಡಬ್ಬಿಯಲ್ಲಿದ್ದದ್ದು ಅಪ್ಪನದು, ಬೆರಳು ಮಾತ್ರ ಅಮ್ಮನದು ಎಂದೆ. ಸೂಜಿ ಸಿಸ್ಟರ್ ಕುರ್ಚಿಯಲ್ಲಿ ಕುಳಿತುಬಿಟ್ಟರು. ಡಾಕ್ಟರು ಮೊದಲು ನಕ್ಕರು. ನನ್ನ ಕೆಲಸದಲ್ಲಿ ಕಫ ಅದಲುಬದಲಾದದ್ದನ್ನು ಕಂಡಿದ್ದೇನೆ, ಸಾಲ ಪಡೆದದ್ದನ್ನು ಕಂಡಿರಲಿಲ್ಲ ಎಂದರು. ಆಮೇಲೆ ಅವರ ನಗು ನಿಂತಿತು. “ನಿಮ್ಮ ತಂದೆ ಈಗ ಎಲ್ಲಿದ್ದಾರೆ?” ಎಂದು ಕೇಳಿದರು. ಹಡಗಿನಲ್ಲಿ ಎಂದೆ. “ಮಲಗೋ ಕೋಣೇಲಿ ಒಬ್ಬರೇನಾ?” ಎಂದರು. ಒಂದರ ಮೇಲೊಂದು ಹಾಸಿಗೆ, ಕಿಟಕಿ ತೆಗೆಯಲು ಬರುವುದಿಲ್ಲ ಎಂದು ನೀವು ಹೇಳಿದ್ದನ್ನೇ ಹೇಳಿದೆ. ಅವರು ಪೆನ್ನಿನ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟರು.

ಆವತ್ತೇ ಅಮ್ಮನನ್ನು ಒಂದು ಪ್ರತ್ಯೇಕ ಕೋಣೆಯಲ್ಲಿ ಕೂರಿಸಿ, ಮುಖಕ್ಕೆ ಮುಖವಾಡದಂಥದ್ದು ಹಾಕಿ ಉಪ್ಪುನೀರಿನ ಮಂಜನ್ನು ಉಸಿರಾಡಲು ಕೊಟ್ಟರು. ಹಾಗೆ ಮಾಡಿದರೆ ಒಣಗಿದ ಎದೆಯೂ ಸಡಿಲವಾಗುತ್ತದಂತೆ. “ಹಬೆ ನನಗೇನು ಹೊಸದಾ?” ಎಂದು ಅಮ್ಮ ಧೈರ್ಯವಾಗಿ ಕುಳಿತಳು. ಕಫ ಬಂದಾಗ ಮಾತ್ರ ಎಲ್ಲರನ್ನೂ ಹೊರಗೆ ಕಳಿಸಿ, ಬಾಗಿಲ ಗಾಜಿಗೆ ಟವೆಲು ಕಟ್ಟಿಸಿಕೊಂಡಳು. ಬಂದದ್ದು ಒಂದು ಚಮಚವೂ ಇಲ್ಲ. ಅಷ್ಟರಲ್ಲೇ ಕ್ಷಯ ಕಂಡಿತು. ಸಾಮಾನ್ಯ ಮಾತ್ರೆಗಳಿಗೇ ಬಗ್ಗುವ ಜಾತಿಯದು, ಅದು ನಮ್ಮ ಪುಣ್ಯ. ಮಾತ್ರೆ ಶುರುವಾದ ಮರುದಿನ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿತು. ಅದು ಮಾತ್ರೆಯ ಗುಣ, ಹೆದರಬೇಡಿ ಎಂದು ಮೊದಲೇ ಹೇಳಿದ್ದರು. ಆದರೂ ಅಮ್ಮ ಹೆದರಿದಳು, ಬಟ್ಟೆಗೆ ಕಲೆಯಾದರೆ ಯಾವ ಸೋಪಿಗೆ ಹೋಗುತ್ತದೆ ಎಂದು. ಸೂಜಿ ಸಿಸ್ಟರ್ ತಮ್ಮ ಕಡತದಲ್ಲಿ ರಕ್ತಪರೀಕ್ಷೆಯ ಎದುರು ಬರೆದಿದ್ದ “ತಪ್ಪು” ಎನ್ನುವುದನ್ನು ಹೊಡೆದುಹಾಕಿ ಕೆಳಗೆ ಸಹಿ ಮಾಡಿದರು. ನಾನು ನೋಡಿದೆ. ನಾವು ಸುಮ್ಮನಿದ್ದಿದ್ದರೆ ಆ ಯಂತ್ರ ಅಮ್ಮನ ವಿಷಯದಲ್ಲಿ ಸುಳ್ಳುಬುರುಕ ಎಂದೇ ಉಳಿದುಹೋಗುತ್ತಿತ್ತು.

ನನ್ನ ಬೆರಳನ್ನೂ ಚುಚ್ಚಿದರು, ಎದೆಯ ಎಕ್ಸ್‌ರೇ ತೆಗೆದರು. ಎರಡರಲ್ಲೂ ಏನೂ ಇಲ್ಲ. ಆದರೂ ಜೊತೆಯಲ್ಲಿ ಇರುವವಳು ಎಂದು ಮುಂಜಾಗ್ರತೆಯ ಮಾತ್ರೆ ಕೊಟ್ಟಿದ್ದಾರೆ, ಅಮ್ಮನೂ ನಾನೂ ಎದುರುಬದುರು ಕುಳಿತು ನುಂಗುತ್ತೇವೆ. ಲಾಂಡ್ರಿಯಿಂದ ಅಮ್ಮನನ್ನು ತೆಗೆಯಲಿಲ್ಲ. ಮೇಲ್ವಿಚಾರಕಿ ಮನೆಗೇ ಬಂದು ಬಾಗಿಲಲ್ಲಿ ನಿಂತು, “ಇಷ್ಟು ದಿನ ನಮ್ಮ ಹಬೆಗೆ ಬೈದೆಯಲ್ಲ, ಈಗ ಅದರ ಕ್ಷಮೆ ಕೇಳು” ಎಂದು, ಡಾಕ್ಟರು ಒಪ್ಪಿದ ಮೇಲೆ ಬಂದರೆ ಸಾಕು ಎಂದು ಹೇಳಿ ಹೋದರು. ಇಸ್ತ್ರಿ ವಿಭಾಗದವರನ್ನೆಲ್ಲ ಪರೀಕ್ಷೆ ಮಾಡಿಸಿದ್ದಾರೆ, ಯಾರಿಗೂ ಇಲ್ಲ.

ಈಗ ನಿಮ್ಮ ವಿಷಯ. ಆ ಡಬ್ಬಿಯಲ್ಲಿ ಏನೂ ಸಿಗಲಿಲ್ಲ ಎಂದರೆ ಆವತ್ತು ನಿಮ್ಮ ಕಫ ಚೆನ್ನಾಗಿತ್ತು ಎಂದಾಯಿತು. ಇದನ್ನು ಮೊದಲು ಹೇಳಿದ್ದು ಅಮ್ಮ. ತನಗೆ ಕ್ಷಯ ಎಂದು ಡಾಕ್ಟರು ಹೇಳುತ್ತಿದ್ದ ಹಾಗೆಯೇ ಅವಳ ಮುಖ ಅರಳಿ, “ಹಾಗಾದ್ರೆ ಅವರಿಗೆ ಇಲ್ಲ ತಾನೇ?” ಎಂದು ಕೇಳಿದಳು. ಡಾಕ್ಟರು ಕುರ್ಚಿಯನ್ನು ಅಮ್ಮನ ಹತ್ತಿರಕ್ಕೆ ಎಳೆದುಕೊಂಡರು. ಆವತ್ತಿನ ಮಟ್ಟಿಗೆ ಕಾಣಲಿಲ್ಲ ಅಷ್ಟೆ, ಒಳಗೆ ಹೊಕ್ಕ ರೋಗಾಣು ಮಲಗಿದ್ದು ತಿಂಗಳುಗಳ ಮೇಲೆ ಏಳಬಹುದು, ರಜೆ ಪೂರ್ತಿ ಅವರು ನಿಮ್ಮ ಪಕ್ಕದಲ್ಲೇ ಮಲಗಿದ್ದರಲ್ಲ ಎಂದರು. ಎಕ್ಸ್‌ರೇ ತೆಗೆಸಲೇಬೇಕು, ಕೆಮ್ಮಿದ್ದರೆ ಕಫವನ್ನೂ ನೋಡಬೇಕು ಎಂದರು. ಹೋದ ಶುಕ್ರವಾರ ಫೋನಿನಲ್ಲಿ ನೀವು ಕೈ ಅಡ್ಡ ಹಿಡಿದು ಕೆಮ್ಮಿ, “ಡೆಕ್ ಮೇಲಿನ ಗಾಳಿ” ಎಂದಿರಿ. ಅದು ನಿಮ್ಮ ಬೆಳಗಿನ ಕೆಮ್ಮಲ್ಲ ಅಪ್ಪಾ. ನಾನು ಹುಟ್ಟಿದಾಗಿನಿಂದ ಕೇಳಿರುವ ಕೆಮ್ಮು ನನಗೆ ಗೊತ್ತಿಲ್ಲವೇ? ಅಮ್ಮ ಪಕ್ಕದಲ್ಲೇ ನಿಂತಿದ್ದಳು, ಅವಳ ಮುಖವೂ ಬದಲಾಯಿತು.

ಹೇಳಿಕೊಂಡರೆ ಬಂದರಿನಲ್ಲಿ ಇಳಿಸಿಬಿಡುತ್ತಾರೆ, ಮುಂದಿನ ಸಲ ಕರೆಯುವುದಿಲ್ಲ ಎಂದು ನೀವು ಹೆದರುವುದು ನನಗೆ ಗೊತ್ತು. ಅದು ಸುಳ್ಳು ಹೆದರಿಕೆ ಎಂದು ನಾನು ಹೇಳುವುದಿಲ್ಲ. ಇಳಿಸಲೂಬಹುದು. ಆದರೆ ನಿಮ್ಮ ಮೇಲಿನ ಹಾಸಿಗೆಯಲ್ಲಿ ಮಲಗುವ ಆ ಹೊಸ ಹುಡುಗನಿಗೆ ಈಚೆಗೆ ಮಗು ಹುಟ್ಟಿದೆ ಎಂದು ನೀವೇ ಹೇಳಿದ್ದಿರಿ. ಅವನು ಮನೆಗೆ ಹೋಗಿ ಮೊದಲು ಎತ್ತಿಕೊಳ್ಳುವುದು ಯಾರನ್ನು? ನಿಮ್ಮ ಮೇಲೆ ನನಗೆ ಸಿಟ್ಟು ಬಂದಿತ್ತು. ಈಗ ಇಲ್ಲ ಎಂದರೆ ಸುಳ್ಳಾಗುತ್ತದೆ, ಅರ್ಧ ಇದೆ. ಉಳಿದರ್ಧ ನೀವು ಎಕ್ಸ್‌ರೇ ತೆಗೆಸಿಕೊಂಡೆ ಎಂದು ಹೇಳಿದ ದಿನ ಹೋಗುತ್ತದೆ.

ಕೀಲಿಕೈ ಯಜಮಾನರು ನಿಮ್ಮನ್ನು ಕೇಳಿದೆನೆಂದು ಹೇಳಿದ್ದಾರೆ. ಕೆಳಗಿನ ಮನೆಯ ಅಜ್ಜಿ, ನೀವಿಲ್ಲದೆ ಬೆಳಿಗ್ಗೆ ಎಚ್ಚರವೇ ಆಗುವುದಿಲ್ಲ ಎಂದು ತಿಳಿಸಲು ಹೇಳಿದರು. ಅಮ್ಮ ನೆನಪುಗಳನ್ನು ಕಳಿಸಿದ್ದಾಳೆ, ಏನೇನು ಎಂದು ನನಗೆ ಹೇಳಲಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡಿ, ಆ ಸಿಗರೇಟನ್ನು ಸಮುದ್ರಕ್ಕೆ ಎಸೆಯಿರಿ. ನನ್ನ ತಲೆಯ ಮೇಲೆ ನಿಮ್ಮ ಕೈ ಇದೆ ಎಂದುಕೊಂಡೇ ಇಷ್ಟನ್ನೂ ಬರೆದಿದ್ದೇನೆ, ತೆಗೆಯಬೇಡಿ.

ನಿಮ್ಮ
ಗಾಲಿ

ಇನ್ನೊಂದು ಮಾತು. ಇದನ್ನು ಮೇಲೆಯೇ ಬರೆಯಬೇಕಿತ್ತು, ಕೈ ಬರಲಿಲ್ಲ. ಡಾಕ್ಟರು ಸಹಿ ಹಾಕಿದ ಒಂದು ಪತ್ರ ನಿಮ್ಮ ಹಡಗಿನ ಕ್ಯಾಪ್ಟನ್ ಹೆಸರಿಗೆ ಹೋಗಿದೆ. ಅದರಲ್ಲಿ ನಿಮ್ಮ ಹೆಸರಿದೆ, ನಿಮ್ಮ ಕೋಣೆಯಲ್ಲಿ ಮಲಗುವವರನ್ನೆಲ್ಲ ನೋಡಬೇಕು ಎಂದೂ ಇದೆ. ನಿಮ್ಮ ವಿಳಾಸ ಕೊಟ್ಟವಳು ನಾನು. ನೀವಾಗಿಯೇ ಹೇಳುತ್ತೀರಿ ಎಂದು ಕಾಯುವಷ್ಟು ನಂಬಿಕೆ ನನಗಿರಲಿಲ್ಲ. ಆದರೂ ಲಕೋಟೆ ಹಿಡಿದು ಅಂಚೆ ಡಬ್ಬದವರೆಗೆ ಹೋಗಿ, ಹಾಕಲಾರದೆ ವಾಪಸು ಬಂದೆ. ಅಮ್ಮ ಮೇಜಿನ ಮೇಲಿದ್ದ ಲಕೋಟೆಯನ್ನು ನೋಡಿದಳು, ಯಾರ ಹೆಸರಿಗೆ ಎಂದು ಓದಿದಳು, ಚಪ್ಪಲಿ ಮೆಟ್ಟಿಕೊಂಡು ಅಷ್ಟೂ ಮೆಟ್ಟಿಲು ಇಳಿದು ತಾನೇ ಹೋಗಿ ಹಾಕಿ ಬಂದಳು. ಹತ್ತುವಾಗ ಎಲ್ಲೂ ನಿಲ್ಲಲಿಲ್ಲ. ಬೈಯುವುದಿದ್ದರೆ ಇಬ್ಬರನ್ನೂ ಒಟ್ಟಿಗೆ ಬೈಯಿರಿ, ಮನೆಗೆ ಬಂದು.